ಬಾಟ್ಲಿಗೆ ಡೆಪಾಸಿಟ್: ಕರಾವಳಿಯ ಜನ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮಂಗಳೂರು ಮತ್ತು ಉಡುಪಿಯ ಕೆಲವರು ಸೇರಿ ಕಟ್ಟಿಕೊಂಡ ಬಳಗ. ಬಾಟ್ಲಿಗಳ ಮೇಲೆ ಡೆಪಾಸಿಟ್ ಇಡುವ ಕಾನೂನು ಕರ್ನಾಟಕದಲ್ಲಿ ಬರಬೇಕು ಎಂದು ಕೇಳುತ್ತಿದ್ದೇವೆ. ಸಹಿ ಸಂಗ್ರಹಕ್ಕೆ ಹೋದಾಗ, ಸಮುದ್ರ ತೀರದಲ್ಲಿ ಕಸ ಹೆಕ್ಕುವಾಗ, ಗ್ರಾಮಸಭೆಯಲ್ಲಿ ಎದ್ದು ನಿಂತಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿದ್ದೇವೆ.

ನೀವು ಕೇಳುತ್ತಿರುವುದು ಏನು, ಸರಳವಾಗಿ ಹೇಳಿ.

ನೀರು, ಜ್ಯೂಸ್, ತಂಪು ಪಾನೀಯ, ಮದ್ಯ ಯಾವುದೇ ಇರಲಿ, ಬಾಟ್ಲಿ ಕೊಳ್ಳುವಾಗ ಅದರ ಬೆಲೆಯ ಜೊತೆಗೆ ಕೆಲವು ರೂಪಾಯಿ ಡೆಪಾಸಿಟ್ ಕೊಡಬೇಕು. ಖಾಲಿ ಬಾಟ್ಲಿ ವಾಪಸ್ ಕೊಟ್ಟ ಕೂಡಲೇ ಆ ದುಡ್ಡು ಪೂರ್ತಿ ವಾಪಸ್ ಸಿಗಬೇಕು. ಕೊಂಡ ಅಂಗಡಿಗೇ ಕೊಡಬೇಕೆಂದಿಲ್ಲ, ಯಾವ ಸಂಗ್ರಹ ಕೇಂದ್ರಕ್ಕಾದರೂ ಕೊಡಬಹುದು. ಬಾಟ್ಲಿಯನ್ನು ಯಾರು ಕುಡಿದು ಖಾಲಿ ಮಾಡಿದರು ಎಂದು ಯಾರೂ ಕೇಳಬಾರದು. ಕೈಯಲ್ಲಿ ಬಾಟ್ಲಿ ಇದ್ದವರಿಗೆ ದುಡ್ಡು. ನಮ್ಮ ಬೇಡಿಕೆ ಇಷ್ಟೇ. ಇದನ್ನು ನಡೆಸುವ ಖರ್ಚು ಬಾಟ್ಲಿ ತುಂಬಿಸಿ ಮಾರುವ ಕಂಪನಿಗಳದ್ದು.

ಇದು ವಿದೇಶದಿಂದ ತಂದ ಹೊಸ ವಿಚಾರ ಅಲ್ವಾ?

ಅಲ್ಲ. ಗಾಜಿನ ಬಾಟ್ಲಿಯಲ್ಲಿ ಗೋಲಿ ಸೋಡಾ ಕುಡಿದು, ಬಾಟ್ಲಿಯನ್ನು ಅಲ್ಲೇ ಕ್ರೇಟಿಗೆ ಇಟ್ಟು ಬಂದ ನೆನಪು ನಮ್ಮೂರಿನ ಐವತ್ತು ದಾಟಿದ ಎಲ್ಲರಿಗೂ ಇದೆ. ಮನೆಗೆ ಒಯ್ಯುವುದಾದರೆ ಅಂಗಡಿಯವರು ಬಾಟ್ಲಿಯ ದುಡ್ಡು ಹಿಡಿದುಕೊಳ್ಳುತ್ತಿದ್ದರು. ಇವತ್ತಿಗೂ 20 ಲೀಟರಿನ ನೀರಿನ ಕ್ಯಾನಿಗೆ ಡೆಪಾಸಿಟ್ ಕೊಡುತ್ತೇವೆ. ಗ್ಯಾಸ್ ಸಿಲಿಂಡರಿಗೂ ಕೊಡುತ್ತೇವೆ. ಖಾಲಿ ಸಿಲಿಂಡರ್ ತೋಡಿನಲ್ಲಿ ತೇಲಿಕೊಂಡು ಹೋದದ್ದನ್ನು ಯಾರಾದರೂ ನೋಡಿದ್ದೀರಾ? ತಿರುಗಿ ಬರುವ ಬಾಟ್ಲಿ ನಮ್ಮಲ್ಲಿ ಇತ್ತು. ಹಗುರವಾದ, ಅಗ್ಗದ ಪ್ಲಾಸ್ಟಿಕ್ ಬಂದ ಮೇಲೆ ಕಂಪನಿಗಳು ಆ ಪದ್ಧತಿಯನ್ನು ಕೈಬಿಟ್ಟವು. ಖಾಲಿ ಬಾಟ್ಲಿಯ ಹೊಣೆ ಪಾಲಿಕೆಯ ಮೇಲೆ, ಪಂಚಾಯತ್ ಮೇಲೆ, ಕೊನೆಗೆ ಕಡಲಿನ ಮೇಲೆ ಬಿತ್ತು.

ದುಡ್ಡು ಹೇಗೆ ಓಡಾಡುತ್ತದೆ? ಅಂಗಡಿಯವರಿಗೆ ನಷ್ಟ ಆಗುವುದಿಲ್ವಾ?

ಡೆಪಾಸಿಟ್ ಬಾಟ್ಲಿಯ ಜೊತೆಗೇ ಕೈ ಬದಲಾಯಿಸುತ್ತದೆ. ಕಂಪನಿ ಡೀಲರಿನಿಂದ ತೆಗೆದುಕೊಳ್ಳುತ್ತದೆ, ಡೀಲರ್ ಅಂಗಡಿಯಿಂದ, ಅಂಗಡಿ ನಿಮ್ಮಿಂದ. ಖಾಲಿ ಬಾಟ್ಲಿ ವಾಪಸ್ ಬಂದಾಗ ಅಂಗಡಿ ಅಥವಾ ಸಂಗ್ರಹ ಕೇಂದ್ರ ನಿಮಗೆ ದುಡ್ಡು ಕೊಡುತ್ತದೆ. ಆ ದುಡ್ಡನ್ನು ಅವರಿಗೆ ಡೆಪಾಸಿಟ್ ಎಲ್ಲ ಜಮೆಯಾಗುವ ನಿಧಿ ತುಂಬಿಕೊಡುತ್ತದೆ. ಅದರ ಮೇಲೆ ಪ್ರತಿ ಬಾಟ್ಲಿಗೆ ಒಂದಿಷ್ಟು ನಿರ್ವಹಣೆ ಶುಲ್ಕವನ್ನೂ ಕೊಡಬೇಕು. ಜಾಗ, ಗೋಣಿ, ಕೆಲಸದವರ ಸಮಯ ಯಾವುದೂ ಪುಕ್ಕಟೆ ಅಲ್ಲ. ಈ ಶುಲ್ಕ ಕಾನೂನಿನಲ್ಲೇ ಬರೆದಿರಬೇಕು ಎನ್ನುವುದು ನಮ್ಮ ಗಟ್ಟಿ ನಿಲುವು. ಅದು ಇಲ್ಲದಿದ್ದರೆ ಯೋಜನೆ ಅಂಗಡಿಯವರ ತಲೆ ಮೇಲೆ ಕೂರುತ್ತದೆ, ಆರು ತಿಂಗಳಲ್ಲಿ ನಿಂತುಹೋಗುತ್ತದೆ.

ವಾಪಸ್ ಬಾರದ ಬಾಟ್ಲಿಗಳ ಡೆಪಾಸಿಟ್ ನಿಧಿಯಲ್ಲೇ ಉಳಿಯುತ್ತದೆ. ಅದು ಕಂಪನಿಯ ಲಾಭ ಆಗಬಾರದು. ಹಾಗೆ ಲಾಭ ಆಗುವುದಾದರೆ ಬಾಟ್ಲಿ ಬಾರದಿದ್ದಷ್ಟೂ ಅವರಿಗೆ ಒಳ್ಳೆಯದು ಎನ್ನುವ ಹಾಗಾಗುತ್ತದೆ.

ಮನೆ ಬಾಗಿಲಿಗೇ ಕಸದ ಗಾಡಿ ಬರುತ್ತದೆ. ಮತ್ತೆ ಇದು ಯಾಕೆ?

ಗಾಡಿ ಬರಲೇಬೇಕು. ಹಸಿ ಕಸ, ಒಣ ಕಸ ಬೇರೆ ಮಾಡಲೇಬೇಕು. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯತ್ ಇದನ್ನು ಚೆನ್ನಾಗಿ ಮಾಡಿ ತೋರಿಸಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ, ಮಂಗಳೂರಿನ ಹತ್ತಿರ ತೆಂಕ ಎಡಪದವಿನಲ್ಲಿ ಹಳ್ಳಿಗಳ ಒಣ ಕಸ ವಿಂಗಡಿಸುವ ದೊಡ್ಡ ಘಟಕಗಳಿವೆ. ನಮ್ಮ ಪಂಚಾಯತ್‌ಗಳ ಸ್ವಚ್ಛ ವಾಹಿನಿ ಗಾಡಿಗಳನ್ನು ಎಷ್ಟೋ ಕಡೆ ಸ್ವಸಹಾಯ ಸಂಘದ ಮಹಿಳೆಯರೇ ಓಡಿಸುತ್ತಾರೆ. ಈ ಕೆಲಸದ ಬಗ್ಗೆ ನಮಗೆ ತುಂಬಾ ಗೌರವ ಇದೆ.

ಆದರೆ ಬಾಟ್ಲಿ ಖಾಲಿಯಾಗುವುದು ಮನೆಯಲ್ಲಿ ಅಲ್ಲ. ಬಸ್ಸಿನಲ್ಲಿ, ಬೀಚಿನಲ್ಲಿ, ಮದುವೆ ಹಾಲಿನಲ್ಲಿ, ಹೆದ್ದಾರಿ ಬದಿಯಲ್ಲಿ, ಆಟದ ಮೈದಾನದಲ್ಲಿ. ಅಲ್ಲಿಗೆ ಬೆಳಗಿನ ಗಾಡಿ ಬರುವುದಿಲ್ಲ. ನಮ್ಮ ಊರಿನ ನೆಲ ಇಳಿಜಾರು, ಮಳೆ ಜೋರು. ಜೂನ್ ತಿಂಗಳ ಮೊದಲ ಮಳೆಗೆ ರಸ್ತೆ ಬದಿಯ ಬಾಟ್ಲಿ ಚರಂಡಿಗೆ, ಚರಂಡಿಯಿಂದ ತೋಡಿಗೆ, ತೋಡಿನಿಂದ ಫಲ್ಗುಣಿಗೋ ನೇತ್ರಾವತಿಗೋ ಉದ್ಯಾವರ ಹೊಳೆಗೋ ಹೋಗುತ್ತದೆ. ಮುಂದೆ ಅಳಿವೆ, ಅದರಾಚೆ ಕಡಲು.

ಗಾಡಿಗೆ ಹತ್ತಿದ ಕಸ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ನೋಡಿ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಗುಡ್ಡ ಮಳೆಗೆ ಜಾರಿ ಪಕ್ಕದ ಮಂದಾರ ಎನ್ನುವ ಊರಿನ ಮೇಲೆ ಬಂತು. ಮನೆಗಳನ್ನು ಖಾಲಿ ಮಾಡಬೇಕಾಯಿತು. ಅಡಿಕೆ ತೋಟ, ತೆಂಗಿನ ತೋಟ ಕಸದ ಅಡಿಗೆ ಹೋದವು. ಆ ಗುಡ್ಡದ ತೂಕ ಪೂರ್ತಿ ಬಾಟ್ಲಿಯದ್ದು ಎಂದು ನಾವು ಹೇಳುವುದಿಲ್ಲ, ಹಸಿ ಕಸವೇ ಜಾಸ್ತಿ ತೂಗುತ್ತದೆ. ಆದರೆ ತಿರುಗಿ ಬಳಸಬಹುದಾದ ಒಂದೊಂದು ಬಾಟ್ಲಿಯೂ ಅಲ್ಲಿಗೆ ಹೋಗಿ ಜಾಗ ತಿನ್ನುವುದು ತಪ್ಪು. ಮಂದಾರದವರು ಕಳೆದುಕೊಂಡದ್ದು ನಾವೆಲ್ಲ ಎಸೆದದ್ದರಿಂದ. ಅದು ಮರೆತುಹೋಗಬಾರದು.

ನೀವು ಬೀಚ್ ಕ್ಲೀನ್ ಮಾಡುತ್ತೀರಲ್ಲ, ಅದೇ ಸಾಕಾಗುವುದಿಲ್ವಾ?

ಸಾಕಾಗುವುದಿಲ್ಲ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಮಲ್ಪೆ, ಕಾಪು, ಪಡುಕೆರೆ ಎಲ್ಲ ಕಡೆ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಬರುವ ಒಳ್ಳೆಯ ಮನಸ್ಸಿನವರಿದ್ದಾರೆ. ಮಂಗಳೂರಿನ ರಾಮಕೃಷ್ಣ ಮಿಷನ್ನಿನ ಸ್ವಚ್ಛತಾ ಅಭಿಯಾನದಲ್ಲಿ ಸಾವಿರಾರು ಜನ ಕೈಜೋಡಿಸಿದ್ದಾರೆ. ಆದರೂ ಹೆಕ್ಕಿದ ಜಾಗದಲ್ಲಿ ಮುಂದಿನ ವಾರ ಮತ್ತೆ ಅಷ್ಟೇ ಬಿದ್ದಿರುತ್ತದೆ. ಮಳೆಗಾಲದಲ್ಲಂತೂ ಕಡಲು ತಾನು ನುಂಗಿದ್ದನ್ನೆಲ್ಲ ದಂಡೆಗೆ ತಂದು ಹಾಕುತ್ತದೆ.

ಅಲೆ ಬಂದು ನಿಂತ ಗೆರೆಯ ಮೇಲೆ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಬಾಟ್ಲಿಗಿಂತ ಮುಚ್ಚಳವೇ ಜಾಸ್ತಿ ಸಿಗುತ್ತದೆ. ನೀಲಿ, ಬಿಳಿ, ಹಸಿರು ಮುಚ್ಚಳಗಳು, ಸೌದೆ ಚೂರು, ಥರ್ಮಾಕೋಲಿನ ಉಂಡೆ, ಬಲೆಯ ತುಂಡುಗಳ ನಡುವೆ. ಇದಕ್ಕೆ ಕಾರಣ ಇದೆ. ಬಾಟ್ಲಿ ಪೆಟ್ ಎನ್ನುವ ಪ್ಲಾಸ್ಟಿಕ್ಕಿನದು, ಅದು ನೀರಿಗಿಂತ ಭಾರ. ಮುಚ್ಚಳದ ಪ್ಲಾಸ್ಟಿಕ್ ಬೇರೆ, ಅದು ನೀರಿಗಿಂತ ಹಗುರ. ಮುಚ್ಚಳ ಹಾಕಿದ ಖಾಲಿ ಬಾಟ್ಲಿ ಒಳಗಿನ ಗಾಳಿಯಿಂದ ತೇಲುತ್ತದೆ. ಮುಚ್ಚಳ ಕಳಚಿದರೆ ಒಳಗೆ ನೀರು ತುಂಬಿ ತಳಕ್ಕೆ ಹೋಗುತ್ತದೆ, ಮುಚ್ಚಳ ಮಾತ್ರ ತೇಲಿ ದಡ ಸೇರುತ್ತದೆ. ದಂಡೆಯಲ್ಲಿ ಬಿದ್ದ ಪ್ರತಿ ಮುಚ್ಚಳದ ಜೊತೆಗಾರ ಬಾಟ್ಲಿ ಎಲ್ಲೋ ಇದೆ. ಮೀನುಗಾರರನ್ನು ಕೇಳಿ, ಬಲೆಯಲ್ಲಿ ಮೀನಿನ ಜೊತೆ ಪ್ಲಾಸ್ಟಿಕ್ ಬರುವುದನ್ನು ದಕ್ಕೆಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ.

ನಾವು ಹೆಕ್ಕುವುದನ್ನು ನಿಲ್ಲಿಸುವುದಿಲ್ಲ. ಈಗ ಹೆಕ್ಕಿದ್ದನ್ನು ಕಂಪನಿವಾರು ವಿಂಗಡಿಸಿ ಬರೆದಿಡುತ್ತೇವೆ. ಯಾರ ಬಾಟ್ಲಿ ಎಷ್ಟು ಬಿದ್ದಿದೆ ಎನ್ನುವ ಲೆಕ್ಕವನ್ನು ಶಾಸಕರ ಮುಂದೆ ಇಡಲು ಇದು ಬೇಕು.

ಕಂಪನಿಗಳೇ ಪ್ಲಾಸ್ಟಿಕ್ ವಾಪಸ್ ತೆಗೆದುಕೊಳ್ಳಬೇಕೆಂದು ಕಾನೂನು ಇದೆಯಂತಲ್ಲ?

ಇದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಕಂಪನಿಗಳ ಮೇಲೆ ಈ ಹೊಣೆ ಹೊರಿಸಿದವು. 2022ರ ಫೆಬ್ರವರಿಯಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿ ಬಂತು. ಕಂಪನಿ ತಾನು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿನ ತೂಕದಲ್ಲಿ ನಿಗದಿಯಾದಷ್ಟು ಪಾಲು ಮರುಬಳಕೆ ಆಗಿದೆ ಎಂದು ತೋರಿಸಬೇಕು. ತಾನೇ ಹೆಕ್ಕಬೇಕೆಂದಿಲ್ಲ, ಮರುಬಳಕೆ ಘಟಕದಿಂದ ಸರ್ಟಿಫಿಕೇಟ್ ಕೊಂಡರೂ ನಡೆಯುತ್ತದೆ.

ಸಮಸ್ಯೆ ಇಲ್ಲೇ ಇರುವುದು. ಮಲ್ಪೆಯಲ್ಲಿ ಮಾರಿದ ಬಾಟ್ಲಿ ಮಲ್ಪೆಯಲ್ಲೇ ಬಿದ್ದಿರುತ್ತದೆ, ಇನ್ನೊಂದು ರಾಜ್ಯದ ಯಾವುದೋ ಘಟಕದ ಕಾಗದದಿಂದ ಲೆಕ್ಕ ಚುಕ್ತಾ ಆಗುತ್ತದೆ. ಕಾಗದವಾದರೂ ಸಾಚಾ ಇರುತ್ತದಾ? 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬೆರಳೆಣಿಕೆಯ ಘಟಕಗಳನ್ನು ಪರಿಶೀಲಿಸಿದಾಗ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸಿಕ್ಕಿದವು. ಡೆಪಾಸಿಟ್ ಪದ್ಧತಿಯಲ್ಲಿ ಹೀಗೆ ಮಾಡುವುದು ಕಷ್ಟ. ಅಲ್ಲಿ ಎಣಿಸುವುದು ತೂಕವನ್ನಲ್ಲ, ಒಂದೊಂದು ಬಾಟ್ಲಿಯನ್ನು.

ಇನ್ನೊಂದು ವಿಷಯ. ಅದೇ 2022ರ ಮಾರ್ಗಸೂಚಿ ಕಂಪನಿಗಳು ಬೇಕಿದ್ದರೆ ಡೆಪಾಸಿಟ್ ಪದ್ಧತಿ ನಡೆಸಬಹುದು ಎನ್ನುತ್ತದೆ. 'ನಡೆಸಬಹುದು' ಎಂದು ಬಿಟ್ಟರೆ ಯಾರು ನಡೆಸುತ್ತಾರೆ ಹೇಳಿ. 'ನಡೆಸಬೇಕು' ಎಂದಾಗಬೇಕು.

ಬೇರೆ ಎಲ್ಲಾದರೂ ಇದು ನಡೆದಿದೆಯಾ?

ನಡೆದಿದೆ, ದೂರದಲ್ಲೂ ಹತ್ತಿರದಲ್ಲೂ.

ಅಮೆರಿಕದ ಒರೆಗಾನ್ ರಾಜ್ಯ 1971ರಲ್ಲೇ ಬಾಟ್ಲಿ ಕಾನೂನು ತಂದಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1977ರಿಂದ ಇದೆ. ಜರ್ಮನಿಯಲ್ಲಿ 2003ರಿಂದ ಒಂದು ಸಲ ಬಳಸುವ ಬಾಟ್ಲಿಗೆ 25 ಸೆಂಟ್ ಡೆಪಾಸಿಟ್, ನೂರಕ್ಕೆ 98ರಷ್ಟು ವಾಪಸ್ ಬರುತ್ತವೆ. ಪುಟ್ಟ ದೇಶ ಲಿಥುವೇನಿಯಾ 2016ರಲ್ಲಿ ಶುರು ಮಾಡಿತು. ಅಲ್ಲಿ ಮೊದಲು ಮೂರರಲ್ಲಿ ಒಂದು ಬಾಟ್ಲಿ ಮಾತ್ರ ಸಂಗ್ರಹವಾಗುತ್ತಿತ್ತು, ಎರಡೇ ವರ್ಷದಲ್ಲಿ ಅದು ಹತ್ತರಲ್ಲಿ ಒಂಬತ್ತು ದಾಟಿತು. ನಾರ್ವೆ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ ಬಾಟ್ಲಿಗಳ ಮೇಲೆ ಪರಿಸರ ತೆರಿಗೆ ಇದೆ, ವಾಪಸಾತಿ ಹೆಚ್ಚಿದ ಹಾಗೆ ತೆರಿಗೆ ಕಡಿಮೆ. ನೂರಕ್ಕೆ 95 ವಾಪಸ್ ತಂದರೆ ತೆರಿಗೆಯೇ ಇಲ್ಲ. ಹಾಗಾಗಿ ಬಾಟ್ಲಿ ವಾಪಸ್ ಬರಲಿ ಎಂದು ಕಂಪನಿಯೇ ಓಡಾಡುತ್ತದೆ.

ನಮ್ಮ ಪಕ್ಕಕ್ಕೆ ಬನ್ನಿ. ತಮಿಳುನಾಡಿನ ನೀಲಗಿರಿಯಲ್ಲಿ ಒಡೆದ ಮದ್ಯದ ಬಾಟ್ಲಿಗಳಿಂದ ಆನೆಗಳ ಕಾಲಿಗೆ ಗಾಯವಾಗುತ್ತಿತ್ತು. ಮದ್ರಾಸ್ ಹೈಕೋರ್ಟ್ ಬಿಗಿ ಹಿಡಿದ ಮೇಲೆ 2022ರ ಮೇ ತಿಂಗಳಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಪ್ರತಿ ಬಾಟ್ಲಿಗೆ ₹10 ಜಾಸ್ತಿ ತೆಗೆದುಕೊಂಡು, ಖಾಲಿ ಬಾಟ್ಲಿ ತಂದರೆ ವಾಪಸ್ ಕೊಡಲು ಶುರು ಮಾಡಿದರು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಬಾಟ್ಲಿ ವಾಪಸ್ ಬಂದವು. ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿಸಿದರು. ಕೇರಳ 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ ಮತ್ತು ಕಣ್ಣೂರು ಜಿಲ್ಲೆಗಳ ಕೆಲವು ಅಂಗಡಿಗಳಲ್ಲಿ ₹20 ಡೆಪಾಸಿಟ್ ಇಟ್ಟು ಪ್ರಯೋಗ ಆರಂಭಿಸಿತು. ಗೋವಾ 2024ರಲ್ಲಿ ಇಡೀ ರಾಜ್ಯಕ್ಕೆ ಡೆಪಾಸಿಟ್ ಯೋಜನೆ ಪ್ರಕಟಿಸಿತು. ಕೇದಾರನಾಥ ಯಾತ್ರೆಯಲ್ಲಿ 2022ರಿಂದ ನೀರಿನ ಬಾಟ್ಲಿಗೆ ಕ್ಯೂಆರ್ ಕೋಡ್ ಅಂಟಿಸಿ ₹10 ಡೆಪಾಸಿಟ್ ಇಟ್ಟಿದ್ದಾರೆ.

ನಮ್ಮ ಕರಾವಳಿಯ ಉತ್ತರಕ್ಕೆ ಗೋವಾ, ದಕ್ಷಿಣಕ್ಕೆ ಕೇರಳ. ಎರಡೂ ಕಡೆ ಕೆಲಸ ಶುರುವಾಗಿದೆ. ನಡುವೆ ನಾವು ಸುಮ್ನೆ ಕೂತಿದ್ದೇವೆ.

ಡೆಪಾಸಿಟ್ ಎಷ್ಟಿರಬೇಕು?

ನೀರು ಮತ್ತು ತಂಪು ಪಾನೀಯದ ಎಲ್ಲ ಬಾಟ್ಲಿಗೆ ₹5, ಮದ್ಯದ ಬಾಟ್ಲಿಗೆ ₹10 ಎಂದು ನಾವು ಕೇಳುತ್ತಿದ್ದೇವೆ. ಚಿಕ್ಕ ಬಾಟ್ಲಿಗೂ ಅಷ್ಟೇ ಇರಲಿ, ಯಾಕೆಂದರೆ ಬಿಸಾಡುವುದು ಚಿಕ್ಕದನ್ನೇ ಜಾಸ್ತಿ.

ಒಂದು ರೂಪಾಯಿ ಇಟ್ಟರೆ ಸಾಲದು. ಒರೆಗಾನ್‌ನಲ್ಲಿ 1971ರ ಕಾನೂನು 5 ಸೆಂಟ್ ಎಂದಿತ್ತು. ನಲವತ್ತು ವರ್ಷ ದಾಟಿದರೂ ಅದು ಅಷ್ಟೇ ಇತ್ತು, ದುಡ್ಡಿನ ಬೆಲೆ ಇಳಿದಿತ್ತು, ಬಾಟ್ಲಿ ವಾಪಸಾತಿಯೂ ಇಳಿಯಿತು. ಎರಡು ವರ್ಷ ಸತತ ನೂರಕ್ಕೆ 80ಕ್ಕಿಂತ ಕಡಿಮೆ ವಾಪಸ್ ಬಂದರೆ ಡೆಪಾಸಿಟ್ ತಾನಾಗಿ ದುಪ್ಪಟ್ಟಾಗಬೇಕು ಎಂದು ಕಾನೂನಿನಲ್ಲಿ ಬರೆದಿದ್ದರು. ಹಾಗೇ ಆಯಿತು, 2017ರಲ್ಲಿ 10 ಸೆಂಟ್ ಮಾಡಿದರು, ಬಾಟ್ಲಿಗಳು ಮತ್ತೆ ಬರತೊಡಗಿದವು. ಇಂಥ ಒಂದು ಸಾಲು ನಮ್ಮ ಕಾನೂನಿನಲ್ಲೂ ಇರಬೇಕು. ಇಲ್ಲದಿದ್ದರೆ ಪ್ರತಿ ಸಲ ಐದು ರೂಪಾಯಿಯನ್ನು ಆರು ಮಾಡಲು ವಿಧಾನಸಭೆಯ ಬಾಗಿಲು ತಟ್ಟುತ್ತಿರಬೇಕಾಗುತ್ತದೆ.

ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವುದು ಅಪರಾಧ ಅಲ್ವಾ?

ಹೌದು, ಈಗ ಅಂಗಡಿಯವರು ತಾವಾಗಿಯೇ ತೆಗೆದುಕೊಂಡರೆ ತೊಂದರೆ. ಕಾನೂನೇ ಬೇಕು ಎಂದು ನಾವು ಹಟ ಹಿಡಿದಿರುವುದಕ್ಕೆ ಇದೂ ಒಂದು ಕಾರಣ. ಬೆಲೆ ಬೇರೆ, ಡೆಪಾಸಿಟ್ ಬೇರೆ ಎಂದು ಲೇಬಲ್ ಮೇಲೆ ಎರಡು ಸಾಲಿನಲ್ಲಿ ಮುದ್ರಿಸಬೇಕು, ಬಿಲ್ಲಿನಲ್ಲೂ ಬೇರೆಯಾಗಿ ತೋರಿಸಬೇಕು. ತಿರುಗಿ ಕೊಡುವ ಠೇವಣಿಯನ್ನು ಜಿಎಸ್‌ಟಿ ಕಾಯ್ದೆ ಬೆಲೆ ಎಂದು ಪರಿಗಣಿಸುವುದಿಲ್ಲ, ಹಾಗಾಗಿ ಅದರ ಮೇಲೆ ತೆರಿಗೆ ಬೀಳಬಾರದು.

ದಿನಗೂಲಿಯವರಿಗೆ ಐದು ರೂಪಾಯಿಯೂ ದೊಡ್ಡದೇ. ಅವರಿಗೆ ಹೊರೆ ಆಗುವುದಿಲ್ವಾ?

ದುಡ್ಡು ವಾಪಸ್ ಸಿಗುತ್ತದೆ. ಆದರೆ ಅದು ಹತ್ತಿರದಲ್ಲೇ, ತಕ್ಷಣ, ನಗದಾಗಿ ಸಿಗಬೇಕು. ಫೋನಿನಲ್ಲಿ ಆ್ಯಪ್ ಹಾಕಿಕೊಂಡವರಿಗೆ ಮಾತ್ರ ಎಂದರೆ ನಾವು ಒಪ್ಪುವುದಿಲ್ಲ. ಅದರ ಜೊತೆಗೇ ಬಸ್ ಸ್ಟ್ಯಾಂಡಿನಲ್ಲಿ, ಬೀಚಿನಲ್ಲಿ, ಆಸ್ಪತ್ರೆಯ ಹೊರಗೆ ಒಳ್ಳೆಯ ಕುಡಿಯುವ ನೀರಿನ ನಲ್ಲಿ ಇರಬೇಕು ಎನ್ನುವುದೂ ನಮ್ಮ ಮನವಿಯಲ್ಲಿದೆ. ಬಾಯಾರಿದವನಿಗೆ ಬಾಟ್ಲಿ ಕೊಳ್ಳುವುದೊಂದೇ ದಾರಿ ಆಗಬಾರದು.

ಗುಜರಿ ಹೆಕ್ಕುವವರ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗುವುದಿಲ್ವಾ?

ಇದು ಬಹಳ ಮುಖ್ಯವಾದ ಪ್ರಶ್ನೆ. ನಮ್ಮ ಬಳಗದೊಳಗೇ ಈ ಬಗ್ಗೆ ತುಂಬಾ ಚರ್ಚೆ ಆಗಿದೆ, ಇನ್ನೂ ಆಗುತ್ತಿದೆ.

ಇವತ್ತು ನಮ್ಮ ಊರು ಇಷ್ಟಾದರೂ ಚೊಕ್ಕ ಇದೆ ಎಂದರೆ ಅದಕ್ಕೆ ಮೊದಲ ಕಾರಣ ಗೋಣಿ ಹೊತ್ತು ನಡೆಯುವ ಈ ಜನ. ಅವರಿಗೆ ಸಂಬಳ ಇಲ್ಲ, ಗ್ಲೌಸ್ ಇಲ್ಲ, ರಜೆ ಇಲ್ಲ. ಎಷ್ಟೋ ಬಡಾವಣೆಗಳಲ್ಲಿ ಅವರನ್ನು ಕಂಡರೆ ಗೇಟ್ ಹಾಕುತ್ತಾರೆ.

ಅವರ ಲೆಕ್ಕ ನೋಡಿ. ಅರ್ಧ ಲೀಟರಿನ ಬಾಟ್ಲಿ ಐವತ್ತು ಅರವತ್ತು ಸೇರಿದರೆ ಒಂದು ಕಿಲೋ. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಗುವ ದುಡ್ಡನ್ನು ಹಂಚಿದರೆ ಒಂದು ಬಾಟ್ಲಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಅಲ್ಯೂಮಿನಿಯಂ ಕ್ಯಾನಿಗೆ ಒಳ್ಳೆಯ ಬೆಲೆ ಇದೆ, ಆದ್ದರಿಂದ ಅದು ರಸ್ತೆಯಲ್ಲಿ ಒಂದು ದಿನವೂ ಉಳಿಯುವುದಿಲ್ಲ. ನೀರಿನ ಬಾಟ್ಲಿಗೆ ಅರ್ಧಂಬರ್ಧ ಬೆಲೆ, ಹಾಗಾಗಿ ಸುಲಭವಾಗಿ ಸಿಕ್ಕಿದ್ದನ್ನು ಹೆಕ್ಕುತ್ತಾರೆ, ತೋಡಿಗೆ ಇಳಿದು ಹೆಕ್ಕುವುದಿಲ್ಲ. ಚಿಪ್ಸ್ ಪ್ಯಾಕೆಟ್ಟಿಗೆ ಬೆಲೆಯೇ ಇಲ್ಲ, ಅದನ್ನು ಯಾರೂ ಮುಟ್ಟುವುದಿಲ್ಲ. ನೆಲದ ಮೇಲೆ ಏನು ಉಳಿಯುತ್ತದೆ ಎನ್ನುವುದನ್ನು ಬೆಲೆ ತೀರ್ಮಾನಿಸುತ್ತದೆ. ಒಂದು ಬಾಟ್ಲಿಗೆ ಐದು ರೂಪಾಯಿ ಎಂದಾದರೆ ಒಂದು ಕಿಲೋ ಹೆಕ್ಕಿದವರ ಕೈಗೆ ಇನ್ನೂರೈವತ್ತಕ್ಕಿಂತ ಜಾಸ್ತಿ ಬರುತ್ತದೆ.

ಇನ್ನೊಂದು ಮುಖವೂ ಇದೆ. ಡೆಪಾಸಿಟ್ ಇದ್ದರೆ ಮನೆಯವರು ಬಾಟ್ಲಿಯನ್ನು ತಾವೇ ವಾಪಸ್ ಕೊಡುತ್ತಾರೆ, ಹೆಕ್ಕುವವರಿಗೆ ಸಿಗುವ ಬಾಟ್ಲಿಯ ಸಂಖ್ಯೆ ಖಂಡಿತ ಕಡಿಮೆಯಾಗುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಅದಕ್ಕೇ ನಾವು ಕೆಲವು ಷರತ್ತು ಇಟ್ಟಿದ್ದೇವೆ. ಈಗಿರುವ ಗುಜರಿ ಅಂಗಡಿಗಳಿಗೆ ಸಂಗ್ರಹ ಕೇಂದ್ರವಾಗುವ ಮೊದಲ ಅವಕಾಶ ಸಿಗಬೇಕು, ನಿರ್ವಹಣೆ ಶುಲ್ಕ ಅವರಿಗೂ ಬರಬೇಕು. ಹೆಕ್ಕುವವರಿಗೆ ಪಾಲಿಕೆ, ನಗರಸಭೆ, ಪಂಚಾಯತ್ ಗುರುತಿನ ಚೀಟಿ ಕೊಡಬೇಕು. ಆದರೆ ಬಾಟ್ಲಿ ಕೊಟ್ಟು ದುಡ್ಡು ಪಡೆಯಲು ಯಾವ ಚೀಟಿಯೂ, ಆಧಾರ್ ಕೂಡ, ಕೇಳಬಾರದು. ಕೇಂದ್ರಗಳಲ್ಲಿ ವಿಂಗಡಿಸುವ ಕೆಲಸಕ್ಕೆ ಅವರನ್ನೇ ಮೊದಲು ತೆಗೆದುಕೊಳ್ಳಬೇಕು. ಈ ಷರತ್ತುಗಳನ್ನು ಬಿಟ್ಟು ಕಾನೂನು ಬರುವುದಾದರೆ ನಾವು ಅದನ್ನು ಬೆಂಬಲಿಸುವುದಿಲ್ಲ.

ಜರ್ಮನಿಯಲ್ಲಿ ಜನ ಡೆಪಾಸಿಟ್ ಬಾಟ್ಲಿಯನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ, ಹೆಕ್ಕುವವರು ಡಬ್ಬಿಗೆ ಕೈ ಹಾಕಬೇಕಾಗದಿರಲಿ ಎಂದು. ಈ ಒಂದು ಅಭ್ಯಾಸ ನಾವು ನಾಳೆಯಿಂದಲೇ ಮಾಡಿಕೊಳ್ಳಬಹುದು.

ಮದ್ಯದ ಬಾಟ್ಲಿಯನ್ನು ಯಾಕೆ ಸೇರಿಸಿದ್ದೀರಿ? ಕುಡಿತಕ್ಕೆ ಪ್ರೋತ್ಸಾಹ ಅಲ್ವಾ?

ಕುಡಿಯುವುದು ಬಿಡುವುದು ಬೇರೆ ಚರ್ಚೆ. ಒಡೆದ ಬಾಟ್ಲಿ ಗದ್ದೆಗೆ, ಗುಡ್ಡೆಗೆ, ಶಾಲೆಯ ಮೈದಾನಕ್ಕೆ ಬೀಳುತ್ತದೆ. ಗದ್ದೆಗೆ ಇಳಿದವರ ಕಾಲಿಗೆ ಗಾಜು ಹೊಕ್ಕಿದೆ, ಮೇಯಲು ಹೋದ ದನದ ಗೊರಸು ಸೀಳಿದೆ, ಪೌರಕಾರ್ಮಿಕರ ಕೈ ಕುಯ್ದಿದೆ.

ಶುರು ಮಾಡುವುದಕ್ಕೆ ಮದ್ಯವೇ ಸುಲಭ. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ ಸರ್ಕಾರದ ಪಾನೀಯ ನಿಗಮದ ಮೂಲಕವೇ ಹೋಗುತ್ತದೆ. ಒಂದೇ ಬಾಗಿಲು. ಅಲ್ಲಿಂದ ಹೊರಬೀಳುವ ಪ್ರತಿ ಬಾಟ್ಲಿಯ ಲೆಕ್ಕ ಈಗಾಗಲೇ ಇದೆ. ಬಿಯರ್ ಬಾಟ್ಲಿಯನ್ನು ತೊಳೆದು ಮತ್ತೆ ತುಂಬುವ ಪದ್ಧತಿಯೂ ನಮ್ಮಲ್ಲಿ ಇದೆ. ಗಾಜಿಗೆ ಅದೇ ಒಳ್ಳೆಯದು: ಒಡೆದು ಕರಗಿಸುವುದಕ್ಕಿಂತ ತೊಳೆದು ತುಂಬಿಸುವುದು.

ಸಣ್ಣ ಟೆಟ್ರಾ ಪ್ಯಾಕುಗಳನ್ನು ಬಿಡಬಾರದು. ಅಗ್ಗದ ಮದ್ಯ ನಮ್ಮ ರಾಜ್ಯದಲ್ಲಿ ಹೆಚ್ಚು ಮಾರಾಟ ಆಗುವುದು ಅದರಲ್ಲೇ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಅಂಟಿಕೊಂಡಿರುವ ಅದನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಬಾಟ್ಲಿಗೆ ಮಾತ್ರ ಡೆಪಾಸಿಟ್ ಇಟ್ಟರೆ ಕಂಪನಿಗಳು ಎಲ್ಲವನ್ನೂ ಟೆಟ್ರಾ ಪ್ಯಾಕಿಗೆ ತುಂಬಿಸಿ ಕೂರುತ್ತವೆ.

ತಲಪಾಡಿ ಗಡಿಯ ಆಚೆ, ಕೇರಳದಿಂದ ಖಾಲಿ ಬಾಟ್ಲಿ ತಂದು ಇಲ್ಲಿ ದುಡ್ಡು ಪಡೆದರೆ?

ಡೆಪಾಸಿಟ್ ಕಟ್ಟದ ಬಾಟ್ಲಿಗೆ ದುಡ್ಡು ಸಿಗಬಾರದು. ಅದಕ್ಕೆ ಕರ್ನಾಟಕದಲ್ಲಿ ಮಾರುವ ಬಾಟ್ಲಿಗೆ ಬೇರೆ ಗುರುತು, ಬೇರೆ ಕೋಡ್ ಇರಬೇಕು. ಒಂದು ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿದರೆ ಅದು ಮುಗಿಯಿತು, ಎರಡನೇ ಸಲ ನಡೆಯಬಾರದು. ನೀಲಗಿರಿಯಲ್ಲಿ ಸ್ಟಿಕ್ಕರ್ ಹಚ್ಚಿದ್ದರು, ಕೇದಾರನಾಥದಲ್ಲಿ ಕ್ಯೂಆರ್ ಕೋಡ್. ಕೇರಳ, ಗೋವಾ, ಕರ್ನಾಟಕ ಮೂರೂ ಕೂತು ಒಂದೇ ವ್ಯವಸ್ಥೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಕಾಸರಗೋಡಿಗೂ ಮಂಗಳೂರಿಗೂ ದಿನಾ ಓಡಾಡುವವರು ಎಷ್ಟು ಜನ!

ನೀರಿನ ಬಾಟ್ಲಿಯನ್ನೇ ನಿಷೇಧಿಸಿದರೆ ಆಯಿತಲ್ಲ?

ಸಿಕ್ಕಿಂ 2022ರಿಂದ ಚಿಕ್ಕ ನೀರಿನ ಬಾಟ್ಲಿಗಳನ್ನು ನಿಷೇಧಿಸಿದೆ. ಆಗುವ ಕಡೆ ಆಗಲಿ, ನಮ್ಮ ವಿರೋಧ ಇಲ್ಲ. ಆದರೆ ನಿಷೇಧದ ಕಥೆ ನಮಗೆ ಗೊತ್ತಿದೆ. ಕರ್ನಾಟಕ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ಲೋಟ, ಫ್ಲೆಕ್ಸ್ ನಿಷೇಧಿಸಿತು. ಕೇಂದ್ರ 2022ರ ಜುಲೈ 1ರಿಂದ ಸ್ಟ್ರಾ, ಚಮಚ, ತಟ್ಟೆ ನಿಷೇಧಿಸಿತು. ಮೀನು ಮಾರ್ಕೆಟಿಗೆ ಹೋಗಿ ಬನ್ನಿ, ಬಂಗುಡೆ ಇವತ್ತಿಗೂ ತೆಳು ಪ್ಲಾಸ್ಟಿಕ್ ಚೀಲದಲ್ಲೇ ಮನೆಗೆ ಬರುತ್ತದೆ. ನಿಷೇಧ ನಡೆಯಬೇಕಾದರೆ ದಿನಾ ಯಾರೋ ಬಂದು ದಂಡ ಹಾಕಬೇಕು. ಡೆಪಾಸಿಟ್‌ಗೆ ಆ ಕಾವಲು ಬೇಡ.

ಮದುವೆ, ನೇಮ, ಕಂಬಳ, ಜಾತ್ರೆ?

ಊಟದ ಸಾಲಿನಲ್ಲಿ ಪ್ರತಿ ಎಲೆಯ ಪಕ್ಕ 200 ಎಂಎಲ್ ಬಾಟ್ಲಿ ಇಡುವುದು ಈಗ ನಡೆದುಬಂದಿದೆ. ಪಂಕ್ತಿ ಎದ್ದ ಮೇಲೆ ನೋಡಿ: ಎರಡು ಗುಟುಕು ಕುಡಿದು ಬಿಟ್ಟ ಬಾಟ್ಲಿಗಳು, ಎಲೆಯ ಜೊತೆ ಮಡಚಿಹೋದ ಬಾಟ್ಲಿಗಳು, ಸಾಂಬಾರು ಮೆತ್ತಿ ಯಾವ ಗುಜರಿಗೂ ಬೇಡವಾದ ಬಾಟ್ಲಿಗಳು. ಬಾಟ್ಲಿಗೆ ಐದೈದು ರೂಪಾಯಿ ಡೆಪಾಸಿಟ್ ಎಂದರೆ ಅಡುಗೆ ಕಂಟ್ರಾಕ್ಟ್ ಹಿಡಿದವರು ಅದನ್ನು ಬಿಡುವುದಿಲ್ಲ, ಎಣಿಸಿ ತೆಗೆದುಕೊಳ್ಳುತ್ತಾರೆ. ಎಷ್ಟೋ ಮನೆಯವರು ಬಾಟ್ಲಿಯೇ ಬೇಡ, ಸ್ಟೀಲ್ ಲೋಟ ಇಡಿ ಎನ್ನುತ್ತಾರೆ. ಬಂದವರಿಗೆ ಬೆಲ್ಲ ನೀರು ಕೊಟ್ಟು ಉಪಚರಿಸಿದ ಊರು ನಮ್ಮದು, ಲೋಟದಲ್ಲಿ ನೀರು ಕೊಡುವುದಕ್ಕೆ ಸಂಕೋಚ ಯಾಕೆ?

ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಬಿಸ್ಕತ್ತಿನ ಕವರ್?

ಅವಕ್ಕೂ ದಾರಿ ಹುಡುಕಬೇಕು. ಆದರೆ ಡೆಪಾಸಿಟ್ ಪದ್ಧತಿ ಗಟ್ಟಿಯಾದ, ಎಣಿಸಲು ಬರುವ ವಸ್ತುಗಳಿಗೆ ಚೆನ್ನಾಗಿ ಹೊಂದುತ್ತದೆ. ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಯಾವುದೂ ಆಗುವುದಿಲ್ಲ. ಮೊದಲು ಬಾಟ್ಲಿ, ಕ್ಯಾನ್, ಟೆಟ್ರಾ ಪ್ಯಾಕ್.

ಕಾನೂನು ಬರುವವರೆಗೆ ಮನೆಯಲ್ಲಿ ಏನು ಮಾಡಬೇಕು?

ಬಾಟ್ಲಿಯನ್ನು ಪೂರ್ತಿ ಖಾಲಿ ಮಾಡಿ, ಒಂದು ಸಲ ನೀರು ಆಡಿಸಿ, ಒತ್ತಿ ಚಪ್ಪಟೆ ಮಾಡಿ ಮುಚ್ಚಳ ಹಾಕಿಡಿ. ಮುಚ್ಚಳ ಬೇರೆ ಬಿದ್ದರೆ ಅದು ಯಾರ ಕೈಗೂ ಸಿಗುವುದಿಲ್ಲ. ಯುರೋಪಿನಲ್ಲಿ 2024ರ ಜುಲೈಯಿಂದ ಮುಚ್ಚಳ ಬಾಟ್ಲಿಗೆ ಅಂಟಿಕೊಂಡೇ ಇರಬೇಕೆಂದು ನಿಯಮ ಮಾಡಿದ್ದು ಇದಕ್ಕೇ. ಘಟಕದಲ್ಲಿ ಚೂರು ಮಾಡಿ ನೀರಿಗೆ ಹಾಕಿದಾಗ ಮುಚ್ಚಳದ ಚೂರು ತೇಲುತ್ತದೆ, ಬಾಟ್ಲಿಯ ಚೂರು ಮುಳುಗುತ್ತದೆ, ಬೇರೆ ಮಾಡುವುದು ಕಷ್ಟವಿಲ್ಲ. ಡೆಪಾಸಿಟ್ ಬಂದ ಮೇಲೆ ಮಾತ್ರ ಒತ್ತಬೇಡಿ, ಕೋಡ್ ಓದಲು ಬರಬೇಕು.

ಒಂದು ಕಳಕಳಿಯ ಮಾತು: ಬಚ್ಚಲಿನ ಹಂಡೆಯ ಒಲೆಗೆ ಪ್ಲಾಸ್ಟಿಕ್ ಹಾಕಬೇಡಿ. ಮಳೆಗಾಲದಲ್ಲಿ ಸೌದೆ ಒದ್ದೆ ಇರುತ್ತದೆ, ಬೆಂಕಿ ಬೇಗ ಹತ್ತಲಿ ಎಂದು ಹಾಕುತ್ತಾರೆ. ಆ ಹೊಗೆ ಮೊದಲು ಹೋಗುವುದು ನಿಮ್ಮ ಮನೆಯವರ ಎದೆಗೆ.

ಇಂಥ ಕಾನೂನು ಮಾಡಲು ರಾಜ್ಯಕ್ಕೆ ಅಧಿಕಾರ ಇದೆಯಾ?

ಗೋವಾ ತನ್ನದೇ ಕಸ ನಿಯಂತ್ರಣ ಕಾಯ್ದೆಯಡಿ ಯೋಜನೆ ತಂದಿದೆ. ನಮ್ಮ ಸರ್ಕಾರ 2016ರ ನಿಷೇಧವನ್ನು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ತಂದಿತ್ತು. ದಾರಿ ಇದೆ, ಮನಸ್ಸು ಬೇಕು.

ಇಡೀ ರಾಜ್ಯಕ್ಕೆ ತಡವಾಗುವುದಾದರೆ ಒಂದು ಕಡೆ ಮಾಡಿ ನೋಡೋಣ ಎನ್ನುತ್ತೇವೆ. ಸೇಂಟ್ ಮೇರೀಸ್ ದ್ವೀಪ ಇದಕ್ಕೆ ಹೇಳಿ ಮಾಡಿಸಿದ ಜಾಗ. ಪ್ರವಾಸಿಗರು ದೋಣಿಯಲ್ಲೇ ಹೋಗಬೇಕು, ದೋಣಿಯಲ್ಲೇ ಬರಬೇಕು. ಹೋಗುವಾಗ ಬಾಟ್ಲಿಗೆ ಗುರುತು ಹಚ್ಚಿ ಡೆಪಾಸಿಟ್ ತೆಗೆದುಕೊಂಡರೆ, ಬರುವಾಗ ಎಣಿಸಿ ವಾಪಸ್ ಕೊಡಬಹುದು. ಮಳೆಗಾಲದಲ್ಲಿ ದೋಣಿ ನಿಂತಾಗ ಲೆಕ್ಕ ನೋಡಿ ತಪ್ಪು ಒಪ್ಪು ತಿದ್ದಿಕೊಳ್ಳಲು ಸಮಯವೂ ಸಿಗುತ್ತದೆ. ಆಮೇಲೆ ಮಲ್ಪೆ, ಪಣಂಬೂರು, ಕೊಲ್ಲೂರು, ಧರ್ಮಸ್ಥಳ, ಸುಬ್ರಹ್ಮಣ್ಯ.

ನೀವು ಯಾವ ಪಕ್ಷದವರು? ದುಡ್ಡು ಎಲ್ಲಿಂದ?

ಯಾವ ಪಕ್ಷದವರೂ ಅಲ್ಲ. ಎಲ್ಲ ಪಕ್ಷದ ಶಾಸಕರಿಗೂ ಒಂದೇ ಮನವಿ ಕೊಡುತ್ತೇವೆ. ಖರ್ಚಿಗೆ ನಾವೇ ಸೇರಿ ಹಾಕುತ್ತೇವೆ. ಪಾನೀಯ ಅಥವಾ ಪ್ಲಾಸ್ಟಿಕ್ ಕಂಪನಿಗಳಿಂದ ಒಂದು ಪೈಸೆಯೂ, ಟೀ ಶರ್ಟೂ, ಬ್ಯಾನರೂ ತೆಗೆದುಕೊಳ್ಳುವುದಿಲ್ಲ.

ನಾನು ಏನು ಮಾಡಬಹುದು?

ಹಳ್ಳಿಯಲ್ಲಿದ್ದರೆ ನಿಮ್ಮ ಗ್ರಾಮಸಭೆಗೆ ಹೋಗಿ. ಆರು ತಿಂಗಳಿಗೊಮ್ಮೆ ನಡೆಯಲೇಬೇಕು. ಬಾಟ್ಲಿಗೆ ಡೆಪಾಸಿಟ್ ಕಾನೂನು ಬೇಕು ಎಂದು ಎದ್ದು ಹೇಳಿ, ಅದನ್ನು ನಿರ್ಣಯವಾಗಿ ಪುಸ್ತಕದಲ್ಲಿ ಬರೆಸಿ, ಪ್ರತಿ ಕೇಳಿ ಪಡೆಯಿರಿ. ಬರೆಯದೆ ಬಿಟ್ಟರೆ ನೀವು ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಮಂಗಳೂರು ನಗರದಲ್ಲಿದ್ದರೆ ವಾರ್ಡ್ ಸಮಿತಿ ಸಭೆಯಲ್ಲಿ ಇದೇ ಮಾತು ಎತ್ತಿ.

ಅಂಗಡಿ ಇಟ್ಟವರು, ಕ್ಯಾಟರಿಂಗ್ ಮಾಡುವವರು, ದೋಣಿ ಇರುವವರು, ಗುಜರಿ ವ್ಯಾಪಾರಿಗಳು ನಮ್ಮ ಸಭೆಗೆ ಬನ್ನಿ ಎಂದು ವಿಶೇಷವಾಗಿ ಕೇಳುತ್ತೇವೆ. ಕಾನೂನಿನ ಕರಡು ಮನವಿ ತಯಾರಾಗುತ್ತಿದೆ. ನಿರ್ವಹಣೆ ಶುಲ್ಕ ಎಷ್ಟಿರಬೇಕು, ಎಷ್ಟು ಚಿಕ್ಕ ಗೂಡಂಗಡಿಗೆ ವಿನಾಯಿತಿ ಕೊಡಬೇಕು, ತುಂಬಿದ ಗೋಣಿಗಳನ್ನು ಎಷ್ಟು ದಿನಕ್ಕೊಮ್ಮೆ ಒಯ್ಯಬೇಕು ಎನ್ನುವುದನ್ನು ನಿಮ್ಮನ್ನು ಕೇಳದೆ ನಾವು ಬರೆಯುವುದಿಲ್ಲ. ಬರುವಾಗ ನಿಮ್ಮ ಅಂಗಡಿಯಲ್ಲಿ ವಾರಕ್ಕೆ ಎಷ್ಟು ಬಾಟ್ಲಿ ಹೋಗುತ್ತದೆ ಎನ್ನುವ ಅಂದಾಜು ಬರೆದು ತನ್ನಿ.